ತಮ್ಮನಿಗೆ ಅಗಾಪೆ, ಮನೆಯವರಿಗೆ ಸುಳ್ಳಾ?

ಕಾರವಾರ ಕಡೆಯ ತಂಗಿಯೊಬ್ಬಳ ಪತ್ರ ಎರಡು ದಿನ ನನ್ನ ನಿದ್ದೆ ಕೆಡಿಸಿತು. ವಿಷಯ ಇಷ್ಟು. ಮನೆಯವರು ಮೀನು ಹಿಡಿಯೋ ಬೋಟಿಗೆ ಹೋಗ್ತಾರೆ, ಇಬ್ಬರು ಮಕ್ಕಳು. ತಮ್ಮ ಕುಡೀತಾನೆ, ಮೇಲಿಂದ ಪಣಜಿ ಕ್ಯಾಸಿನೋ ಹುಚ್ಚು, ಸಾಲ ಆದಾಗೆಲ್ಲ ಅಕ್ಕನ ಬಾಗಿಲಿಗೆ ಬಂದು ನಿಲ್ತಾನೆ. ಪ್ರಾರ್ಥನಾ ಕೂಟದ ಒಬ್ಬ ಹೆಂಗಸು ಇವಳಿಗೆ ಹೇಳಿದ್ರಂತೆ, ಗ್ರೀಕಲ್ಲಿ ಪ್ರೀತಿಗೆ ನಾಲ್ಕು ಹೆಸರು, ನಾಲ್ಕು ಮೆಟ್ಟಿಲು, ಗಂಡನ ಮೇಲಿರೋದು ಎರೋಸ್, ಅದು ಎಲ್ಲಕ್ಕಿಂತ ಕೆಳಗೆ, ಆಮೇಲೆ ರಕ್ತಸಂಬಂಧದ ಸ್ಟೋರ್ಗೆ, ಗೆಳೆತನದ ಫಿಲಿಯಾ, ತುತ್ತತುದೀಲಿ ಅಗಾಪೆ, ಏನೂ ವಾಪಸ್ ಕೇಳದೆ ಕೊಡೋ ದೇವರ ಪ್ರೀತಿ. ಹಾಗಾಗಿ ಇವಳು ಕೇಳ್ತಾಳೆ, ತಮ್ಮನಿಗೆ ಕೊಡೋದು ನಿಲ್ಲಿಸಿದ್ರೆ ನಾನು ಮೆಟ್ಟಿಲು ಇಳಿದ ಹಾಗಾಗುತ್ತಾ ಅಂತ.

ನಾಲ್ಕು ಪುಟದಲ್ಲಿ ಮೂರೂವರೆ ಪುಟ ತಮ್ಮನದ್ದೇ. ಕೊನೇಲಿ ಒಂದೇ ಒಂದು ಸಾಲು: "ಬಳೆ ಸೊಸೈಟೀಲಿ ಇಟ್ಟೆ, ರಸೀದಿ ಅಕ್ಕಿ ಡಬ್ಬೀಲಿದೆ, ಅವರ ಹತ್ರ ಶೇಟ್ರಿಗೆ ಪಾಲಿಶಿಗೆ ಕೊಟ್ಟಿದ್ದೇನೆ ಅಂದಿದ್ದೇನೆ." ಅಂದ್ರೆ ತಮ್ಮನಿಗೋಸ್ಕರ ಬಳೆ ಅಡ ಇಟ್ಟು, ಗಂಡನಿಗೆ ಅಕ್ಕಸಾಲಿಗರ ಹತ್ರ ಇದೆ ಅಂತ ಸುಳ್ಳು.

ತಂಗಿ, ನಿನ್ನ ಪತ್ರ ಶುರುವಾಗಬೇಕಿದ್ದದ್ದೇ ಈ ಸಾಲಿಂದ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ, ಬೋಟ್ ಬಂದ್, ಕೈಯಲ್ಲಿ ಕಾಸಿಲ್ಲದ ಆ ಮಳೆಗಾಲಕ್ಕೆ ಅಂತಲೇ ಬಳೆ ಇರೋದು, ಅದು ಕರಾವಳೀಲಿ ಯಾರಿಗೆ ಗೊತ್ತಿಲ್ಲ ಹೇಳು. ಮಕ್ಕಳ ಶಾಲೆ ಶುರುವಾಗೋ ಹೊತ್ತಿಗೆ ಅವರು ಬಳೆ ಕೊಡು ಅಂದ್ರೆ ಏನು ಮಾಡ್ತೀ? ರಾತ್ರಿಯೆಲ್ಲ ಸಮುದ್ರದಲ್ಲಿ ಬಲೆ ಎಳೆಯೋ ಆ ಮನುಷ್ಯನ ಬಗ್ಗೆ ನನಗೆ ಸಂಕಟ ಆಗುತ್ತೆ.

ಪ್ರಾರ್ಥನಾ ಕೂಟದ ಆ ಹೆಂಗಸಿನ ಮೇಲೆ ಮಾತ್ರ ನನಗೆ ಸಿಟ್ಟಿದೆ. ಅರ್ಧ ಓದಿ ಬೇರೆಯವರ ಮನೆ ಬಳೆ ಅಡ ಇಡಿಸೋದು ಯಾವ ಪ್ರಾರ್ಥನೆ? ಬೈಬಲಿನ ಹೊಸ ಒಡಂಬಡಿಕೇಲಿ ಎರೋಸ್ ಅನ್ನೋ ಪದವೇ ಇಲ್ಲ. ಎಫೆಸಿಯರಿಗೆ 5:25 ತೆಗೆದು ನೋಡು, ಗಂಡಂದಿರೇ, ಕ್ರಿಸ್ತರು ಧರ್ಮಸಭೆಯನ್ನು ಪ್ರೀತಿಸಿದ ಹಾಗೆ ಹೆಂಡತಿಯನ್ನ ಪ್ರೀತಿಸಿ ಅನ್ನೋವಾಗ ಸಂತ ಪೌಲರು ಗ್ರೀಕಲ್ಲಿ ಬಳಸಿದ್ದು ಇದೇ ಅಗಾಪೆಯ ಕ್ರಿಯಾಪದ. ಯೊವಾನ್ನ 3:19ರಲ್ಲಿ ಜನ ಬೆಳಕಿಗಿಂತ ಕತ್ತಲೆಯನ್ನೇ ಪ್ರೀತಿಸಿದರು ಅನ್ನೋದಕ್ಕೂ ಅದೇ ಪದ. ಅಂದ್ಮೇಲೆ ಅಗಾಪೆ ಅಂತ ಹೆಸರಿಟ್ಟ ಮಾತ್ರಕ್ಕೆ ಯಾವ ಪ್ರೀತಿಯೂ ಪವಿತ್ರ ಆಗಲ್ಲ, ಗಂಡನ ಮೇಲಿನ ಪ್ರೀತಿ ಕೀಳೂ ಆಗಲ್ಲ. ಈ ಮೆಟ್ಟಿಲ ಲೆಕ್ಕ ನಾನು ಒಪ್ಪಲ್ಲ, ಹಿಂದೆಯೂ ಬರೆದಿದ್ದೆ, ಇನ್ನೂ ಬರೀತೀನಿ. ಮದುವೇಲಿ ಓದ್ತಾರಲ್ಲ, 1 ಕೊರಿಂಥಿಯರಿಗೆ 13, ಪ್ರೀತಿ ತಾಳ್ಮೆಯುಳ್ಳದ್ದು ಅಂತ, ಅದೇ ಅಧ್ಯಾಯದಲ್ಲಿ ಪ್ರೀತಿ ಸತ್ಯದಲ್ಲಿ ಸಂತೋಷಪಡುತ್ತೆ ಅಂತಲೂ ಇದೆ. ಪಾಲಿಶ್ ಸುಳ್ಳಿಗೆ ಅಲ್ಲೆಲ್ಲಿ ಜಾಗ?

ತಮ್ಮನ ಮೇಲೆ ನಿನಗಿರೋ ಕರುಳು ನನಗೆ ಅರ್ಥ ಆಗುತ್ತೆ, ಕುಡಿತ ಕಾಯಿಲೆ, ಅವನನ್ನ ಬಿಟ್ಟುಬಿಡು ಅಂತ ನಾನು ಹೇಳ್ತಿಲ್ಲ. ಆದ್ರೆ ಲೂಕ 15ರ ದುಂದುಗಾರ ಮಗನ ಕತೇಲಿ ಅಪ್ಪ ಮಗನಿರೋ ದೂರದೇಶಕ್ಕೆ ಒಂದು ಕಾಸೂ ಕಳಿಸಲಿಲ್ಲ ನೋಡು. ಎಲ್ಲ ಹಾಳುಮಾಡಿಕೊಂಡ ಆ ಮಗ ಹಂದಿ ತಿನ್ನೋ ಸಿಪ್ಪೆಗೂ ಆಸೆಪಟ್ಟ, ಯಾರೂ ಏನೂ ಕೊಡಲಿಲ್ಲ, ಆಗಲೇ ಅವನಿಗೆ ಬುದ್ಧಿ ಬಂದಿದ್ದು. ಮಗ ಇನ್ನೂ ದೂರದಲ್ಲಿರುವಾಗಲೇ ಓಡಿಹೋಗಿ ತಬ್ಬಿಕೊಂಡವನೂ ಅದೇ ಅಪ್ಪ. ತಮ್ಮ ಮನೆಗೆ ಬಂದ್ರೆ ಗಂಜಿ ಬಡಿಸು, ಹಾಸಿಗೆ ಹಾಸು, ಕುಡಿತ ಬಿಡೋಕೆ ಆಸ್ಪತ್ರೆಗೆ ಹೊರಟ್ರೆ ಜೊತೆಗೆ ಹೋಗು, ಕೈಗೆ ದುಡ್ಡು ಬೇಡ.

ಅದೆಲ್ಲ ಆಮೇಲೆ. ಮೊದಲು ಮಾಡಬೇಕಾದ್ದು ಒಂದೇ. ಈ ಸಲ ಬೋಟ್ ದಡಕ್ಕೆ ಬಂದ ದಿನಾನೇ, ಅವರು ಮಿಂದು ಊಟ ಮಾಡಿದ ಮೇಲೆ, ಅಕ್ಕಿ ಡಬ್ಬಿಯಿಂದ ಆ ರಸೀದಿ ತೆಗೆದು ಅವರ ಕೈಗೆ ಕೊಡು. ಬೈದ್ರೆ ಬೈಸ್ಕೋ, ಎದ್ದು ಹೋಗಬೇಡ.