ದಾವಣಗೆರೆಯ ಸೈಟು ಮಾರಿ ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವ ಮುನ್ನ

ಸಹೋದರರೇ,

ಇಲ್ಲಿಗೆ ಬಂದು ಎರಡು ವರ್ಷವಾದ ನೀವು ರೆಡಿಂಗ್‌ನಲ್ಲಿ ಒಂದು ಫ್ಲ್ಯಾಟ್ ನೋಡಿದ್ದೀರಿ, ನೀವು ಹೇಳಿದ ಬೆಲೆಗೆ ಮಾರುವವರು ಒಪ್ಪಿದ್ದಾರೆ, ಕೈಯಿಂದ ಹಾಕಬೇಕಾದ ಹಣಕ್ಕಾಗಿ ದಾವಣಗೆರೆಯಲ್ಲಿ ತಂದೆಯವರು ಬಿಟ್ಟುಹೋದ ಸೈಟನ್ನು ಮಾರಲು ಹೊರಟಿದ್ದೀರಿ. ಕಾನೂನಿನ ತೊಡಕು ಎಲ್ಲಿ ಬರಬಹುದು ಎಂದು ಕೇಳಿದ್ದೀರಿ. ನಾನು ವಿನೋಬನಗರ ಬಿಟ್ಟು ಬಂದು ಹತ್ತೊಂಬತ್ತು ವರ್ಷಗಳಾದವು. ವಕೀಲನಲ್ಲ, ಆದರೆ ಎರಡೂ ಕಡೆ ಒಮ್ಮೊಮ್ಮೆ ಎಡವಿದವನು. ಈ ಎರಡು ವ್ಯವಹಾರಗಳು ಬಿಡಿಬಿಡಿಯಾಗಿ ಅಷ್ಟೇನೂ ಅಪಾಯದವಲ್ಲ. ಇಲ್ಲಿನ ಗಡುವಿಗೆ ಅಲ್ಲಿನ ಹಣವನ್ನು ನಂಬಿ ಕೂರುವುದೇ ಅಪಾಯ.

ನಮ್ಮ ಕಡೆ ಸಾವಿರದ ಒಂದು ರೂಪಾಯಿ ಕೈಗಿಟ್ಟರೆ ಮಾತು ಮುಗಿದಂತೆ. ಇಂಗ್ಲೆಂಡಿನಲ್ಲಿ (ಸ್ಕಾಟ್ಲೆಂಡಿನ ಪದ್ಧತಿ ಬೇರೆ) ಮಾರುವವರು ಬೆಲೆಗೆ ಒಪ್ಪಿದ್ದಾರೆ ಎಂಬುದಕ್ಕೆ ಕಾನೂನಿನಲ್ಲಿ ಬೆಲೆಯೇ ಇಲ್ಲ. ಎರಡೂ ಕಡೆಯ ಸಾಲಿಸಿಟರ್‌ಗಳು (ಆಸ್ತಿ ವ್ಯವಹಾರ ನೋಡುವ ವಕೀಲರು) ಸಹಿಯಾದ ಕರಾರುಗಳನ್ನು ಅದಲುಬದಲು ಮಾಡಿಕೊಳ್ಳುವವರೆಗೆ, ಅಂದರೆ ಇವರು ಎಕ್ಸ್‌ಚೇಂಜ್ ಎನ್ನುವ ದಿನದವರೆಗೆ, ಯಾರು ಬೇಕಾದರೂ ಹಿಂದೆ ಸರಿಯಬಹುದು. ನಾನು ಮೊದಲ ಮನೆಗೆ ಸರ್ವೇಯರ್ ಮತ್ತು ಸಾಲಿಸಿಟರ್ ಖರ್ಚು ಮಾಡಿ ಆರು ವಾರ ಕಾದ ಮೇಲೆ, ಮಾರುವವರು ಹೆಚ್ಚು ಕೊಟ್ಟ ಬೇರೊಬ್ಬರಿಗೆ ಅದನ್ನು ಮಾರಿದರು. ಇದಕ್ಕೆ ಗಜಂಪಿಂಗ್ ಎಂಬ ಹೆಸರಿದೆ, ಪರಿಹಾರ ಮಾತ್ರ ಇಲ್ಲ.

ಎಕ್ಸ್‌ಚೇಂಜ್ ಆದ ಮರುಗಳಿಗೆಯಿಂದ ಲೆಕ್ಕವೇ ಬೇರೆ. ಸಾಮಾನ್ಯವಾಗಿ ಬೆಲೆಯ ಶೇ. 10ರಷ್ಟನ್ನು ಅಂದು ಕಟ್ಟಬೇಕು, ಉಳಿದದ್ದನ್ನು ಕರಾರಿನಲ್ಲಿ ಬರೆದ ದಿನವೇ ಕೊಡಬೇಕು. ಆ ದಿನ ಹಣ ಬರದಿದ್ದರೆ ಮಾರುವವರು ನೋಟಿಸ್ ಕೊಡುತ್ತಾರೆ; ರೂಢಿಯಲ್ಲಿರುವ ಷರತ್ತುಗಳ ಪ್ರಕಾರ ಮುಂದಿನ 10 ಕೆಲಸದ ದಿನಗಳಲ್ಲಿಯೂ ನೀವು ಪಾವತಿಸದಿದ್ದರೆ, ಅವರು ಆ ಶೇ. 10ನ್ನು ಉಳಿಸಿಕೊಂಡು ಮನೆಯನ್ನು ಬೇರೆಯವರಿಗೆ ಮಾರಬಹುದು. ಊರಿನಲ್ಲಿ ರಿಜಿಸ್ಟ್ರೇಷನ್ ಮುಂದಕ್ಕೆ ಹೋಯಿತು ಎಂಬ ಕಾರಣ ಇಲ್ಲಿ ಯಾರ ಕಿವಿಗೂ ಬೀಳುವುದಿಲ್ಲ.

ಫ್ಲ್ಯಾಟ್ ಆದ್ದರಿಂದ ಅದು ಬಹುಶಃ ದೀರ್ಘಾವಧಿ ಗುತ್ತಿಗೆಯದು. 80 ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ವಿಸ್ತರಣೆ ದುಬಾರಿ. 2022ರ ಜೂನ್ 30ಕ್ಕಿಂತ ಹಿಂದಿನ ಗುತ್ತಿಗೆಯಾದರೆ ನೆಲಬಾಡಿಗೆ (ನೆಲದ ಮಾಲೀಕರಿಗೆ ಕಟ್ಟುವ ಬಾಡಿಗೆ) ಎಷ್ಟು ವರ್ಷಕ್ಕೊಮ್ಮೆ ಏರುತ್ತದೆ ಎಂಬುದನ್ನೂ ಓದಿಸಿಕೊಳ್ಳಿ.

ಇನ್ನು ದಾವಣಗೆರೆಯ ಕಡೆ. ಸ್ಥಿರಾಸ್ತಿಯ ಕರಾರಿನಲ್ಲಿ ಗಡುವೇ ಜೀವಾಳ ಎಂದು ನಮ್ಮ ನ್ಯಾಯಾಲಯಗಳು ಸಾಮಾನ್ಯವಾಗಿ ಭಾವಿಸುವುದಿಲ್ಲ. ಮೂರು ತಿಂಗಳಲ್ಲಿ ಕ್ರಯಪತ್ರ ಎಂದು ಅಗ್ರಿಮೆಂಟ್ ಬರೆಸಿ ಮುಂಗಡ ಕೊಟ್ಟವನು ಎಂಟು ತಿಂಗಳು ಎಳೆದರೂ ಅವನ ಹಕ್ಕು ತಾನಾಗಿ ಬಿದ್ದುಹೋಗುವುದಿಲ್ಲ. ಗೊತ್ತುಪಡಿಸಿದ ದಿನದಿಂದ ಮೂರು ವರ್ಷಗಳವರೆಗೆ ಅವನು ದಾವೆ ಹೂಡಬಹುದು, ಅಷ್ಟರಲ್ಲಿ ನೀವು ಇನ್ನೊಬ್ಬರಿಗೆ ಮಾರಲು ಹೋದರೆ ಅವನು ತಡೆಯಾಜ್ಞೆಗೂ ಪ್ರಯತ್ನಿಸಬಹುದು. ಆದ್ದರಿಂದ ಗಡುವು ಮೀರಿದರೆ ಕರಾರು ರದ್ದಾಗುತ್ತದೆ, ಮುಂಗಡ ಏನಾಗುತ್ತದೆ ಎಂಬುದನ್ನು ಸ್ಪಷ್ಟ ಮಾತುಗಳಲ್ಲಿ ಬರೆಸಿ.

ನೀವು ಹೋಗಲಾಗದೆ ಮಾವನವರಿಗೆ ಅಧಿಕಾರ ಪತ್ರ (ಪವರ್ ಆಫ್ ಅಟಾರ್ನಿ) ಕೊಡುವುದಾದರೆ, ಭಾರತದ ಹೈಕಮಿಷನ್ ಅಥವಾ ನೋಟರಿ ಮುಂದೆ ಸಹಿ ಮಾಡಿ. ಅದು ಕರ್ನಾಟಕ ತಲುಪಿದ ಮೂರು ತಿಂಗಳೊಳಗೆ ಅಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು. ನನ್ನದು ಬೀರುವಿನಲ್ಲೇ ಉಳಿದು ಅವಧಿ ಮೀರಿತು, ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಯಿತು. ಯಾವ ಸೈಟು, ಯಾವ ಕೆಲಸಕ್ಕೆ ಎಂಬುದಷ್ಟನ್ನೇ ಪತ್ರದಲ್ಲಿ ಬರೆಸಿ, ಹಣ ಮಾತ್ರ ನೇರವಾಗಿ ನಿಮ್ಮ ಎನ್‌ಆರ್‌ಒ ಖಾತೆಗೆ (ಅನಿವಾಸಿಗಳು ಭಾರತದ ಬ್ಯಾಂಕಿನಲ್ಲಿ ಇಡುವ ರೂಪಾಯಿ ಖಾತೆ) ಬರಲಿ.

ಹಣದ ವಿಷಯದಲ್ಲಿ ನಮ್ಮೂರಿನ ಒಂದು ಕೆಟ್ಟ ಚಾಳಿಯನ್ನು ಹೇಳಲೇಬೇಕು. ಕ್ರಯಪತ್ರದಲ್ಲಿ ಸರ್ಕಾರಿ ಮಾರ್ಗಸೂಚಿ ದರ ಬರೆದು ಉಳಿದದ್ದನ್ನು ನಗದಾಗಿ ಕೊಡುತ್ತೇವೆ ಎಂದು ಖರೀದಿದಾರರು ಕೇಳುತ್ತಾರೆ. ಅದು ಅಪರಾಧ ಎಂಬುದು ಒಂದು ಕಡೆ. ಇಲ್ಲಿನ ಸಾಲಿಸಿಟರ್ ಪ್ರತಿ ಪೌಂಡಿನ ಮೂಲಕ್ಕೂ ದಾಖಲೆ ಕೇಳುವುದರಿಂದ ಆ ನಗದು ನಿಮ್ಮ ಫ್ಲ್ಯಾಟಿಗೆ ಉಪಯೋಗಕ್ಕೂ ಬರುವುದಿಲ್ಲ. ಮಾರುವವರು ಅನಿವಾಸಿಯಾದರೆ ಖರೀದಿದಾರರು ಬೆಲೆಯಲ್ಲಿ ಶೇ. 1ನ್ನು ತೆರಿಗೆಯೆಂದು ಹಿಡಿದುಕೊಂಡರೆ ಸಾಲದು. 2024ರ ಜುಲೈ 23ರಿಂದ ದೀರ್ಘಾವಧಿ ಲಾಭದ (ವರ್ಷಗಳ ಕಾಲ ಇಟ್ಟುಕೊಂಡ ಆಸ್ತಿ ಮಾರಿದಾಗಿನ ಲಾಭ) ಮೇಲಿನ ತೆರಿಗೆ ದರ ಶೇ. 12.5, ಜೊತೆಗೆ ಸೆಸ್. ಆದಾಯ ತೆರಿಗೆ ಅಧಿಕಾರಿಯಿಂದ ಕಡಿಮೆ ಕಡಿತದ ಪ್ರಮಾಣಪತ್ರವನ್ನು ಮೊದಲೇ ತರದಿದ್ದರೆ ಲಾಭದ ಮೇಲಲ್ಲ, ಇಡೀ ಬೆಲೆಯ ಮೇಲೆ ಹಿಡಿದುಬಿಡುವ ಸಂಭವವಿದೆ. ಆ ಹಣ ರಿಟರ್ನ್ ಸಲ್ಲಿಸಿದ ಮೇಲೆಯೇ ವಾಪಸು ಬರುವುದು.

ಸೈಟಿನ ಖಾತೆ ನಿಮ್ಮ ಹೆಸರಿಗಿದೆ ಎಂದು ಬರೆದಿದ್ದೀರಿ. ಖಾತೆ ತೆರಿಗೆಯ ದಾಖಲೆಯೇ ಹೊರತು ಒಡೆತನದ ಪತ್ರವಲ್ಲ. ತಂದೆಯವರು ಉಯಿಲು ಬರೆಯದೆ ತೀರಿಕೊಂಡಿದ್ದರೆ, ಅದು ಅವರ ಸ್ವಯಾರ್ಜಿತವಾಗಿದ್ದರೂ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ತಾಯಿಯವರಿಗೂ ಚಿತ್ರದುರ್ಗಕ್ಕೆ ಕೊಟ್ಟ ನಿಮ್ಮ ಅಕ್ಕನವರಿಗೂ ನಿಮ್ಮಷ್ಟೇ ಪಾಲಿದೆ, ಅವರ ಸಹಿ ಇಲ್ಲದ ಕ್ರಯಪತ್ರ ನಿಲ್ಲುವುದು ಕಷ್ಟ. ಖರೀದಿದಾರರನ್ನು ಹುಡುಕುವ ಮೊದಲು ಅಕ್ಕನವರಿಗೆ ಫೋನ್ ಮಾಡಿ, ಮತ್ತು ಸೈಟಿನ ಹಣ ನಿಮ್ಮ ಇಲ್ಲಿನ ಬ್ಯಾಂಕಿಗೆ ಬಂದು ಬೀಳುವವರೆಗೆ ಎಕ್ಸ್‌ಚೇಂಜ್‌ಗೆ ಒಪ್ಪಬೇಡಿ. ಆ ಫ್ಲ್ಯಾಟ್ ಕೈತಪ್ಪಿದರೆ ಹೋಗುವುದು ಸರ್ವೇ ಮತ್ತು ಸಾಲಿಸಿಟರ್ ಖರ್ಚು ಮಾತ್ರ.