ಕನ್ನಡಕದ ಚೀಟಿಯಲ್ಲಿ 'ಪ್ರಿಸಂ 3' ಎಂದು ಬರೆದಿದ್ದಾರೆ. ನಂಬರ್ ಏರಿದೆಯೆಂದು ಅರ್ಥವೇ? ಹಾಕಿಕೊಂಡರೆ ಕಣ್ಣು ಸರಿಹೋಗುತ್ತದೆಯೇ?

ನಂಬರ್ ಏರಿಲ್ಲ, ಗಾಬರಿಯಾಗಬೇಡಿ. ಆರು ವರ್ಷಗಳಿಂದ ನಾನೂ ಅಂಥದೇ ಕನ್ನಡಕ ಹಾಕುತ್ತಿದ್ದೇನೆ. ವೈದ್ಯನಲ್ಲ, ಸಹಕಾರಿ ಸಂಘವೊಂದರ ಲೆಕ್ಕಿಗ.

ನನಗೆ ಅನುಮಾನ ಬಂದದ್ದೂ ಲೆಡ್ಜರಿನಿಂದಲೇ. ಸಂಜೆಯ ಹೊತ್ತಿಗೆ ಒಬ್ಬರ ಹೆಸರಿನ ಮುಂದೆ ಇನ್ನೊಬ್ಬರ ಮೊತ್ತ ಬಂದು ಕೂರುತ್ತಿತ್ತು. ಒಂದು ಕಣ್ಣು ಮುಚ್ಚಿದರೆ ಸಾಲುಗಳು ತಮ್ಮ ತಮ್ಮ ಜಾಗಕ್ಕೆ ಮರಳುತ್ತಿದ್ದವು. ಎರಡೂ ಕಣ್ಣುಗಳ ದೃಷ್ಟಿ ಚೆನ್ನಾಗಿಯೇ ಇತ್ತು, ಕೆಟ್ಟದ್ದು ಅವುಗಳ ಜೋಡಿ. ಬಲಗಣ್ಣು ಚೂರು ಮೇಲಕ್ಕೆ ನಿಲ್ಲುತ್ತದಂತೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಹಾಗೆ. ಇಷ್ಟು ವರ್ಷ ಮಿದುಳು ಎರಡನ್ನೂ ಹೇಗೋ ಹೊಂದಿಸಿಕೊಂಡು ಹೋಗುತ್ತಿತ್ತು, ಐವತ್ತರ ಹತ್ತಿರ ಅದಕ್ಕೂ ಸುಸ್ತಾಯಿತು.

ಪವರ್ ಇರುವ ಗಾಜು ಚಿತ್ರವನ್ನು ಸ್ಪಷ್ಟ ಮಾಡುತ್ತದೆ. ಪ್ರಿಸಂ ಇದ್ದಲ್ಲಿಂದ ಸರಿಸುತ್ತದೆ, ಅಷ್ಟೇ. ಬಾಗಿಲಿಗೆ ಕೊಡುವ ಬೆಣೆಯನ್ನು ನೆನೆಯಿರಿ: ಒಂದು ಅಂಚು ದಪ್ಪ, ಇನ್ನೊಂದು ತೆಳು. ಬೆಳಕು ದಪ್ಪ ಅಂಚಿನ ಕಡೆಗೆ ಬಾಗುತ್ತದೆ, ನಮಗೆ ಕಾಣುವ ಚಿತ್ರ ತೆಳು ಅಂಚಿನ ಕಡೆಗೆ ಜರುಗುತ್ತದೆ. ಪ್ರಿಸಂ 1 ಎಂದರೆ ಒಂದು ಮೀಟರ್ ದೂರದ ವಸ್ತು 1 ಸೆಂಟಿಮೀಟರ್ ಸರಿದು ಕಾಣುತ್ತದೆ. ನನ್ನದೂ 3. ಲೆಡ್ಜರ್ 40 ಸೆಂಟಿಮೀಟರ್ ದೂರದಲ್ಲಿದ್ದರೆ 1.2 ಸೆಂಟಿಮೀಟರ್, ಅಂದರೆ ಒಂದು ಸಾಲಿಗಿಂತ ಹೆಚ್ಚು! ಆ ಮೊತ್ತಗಳ ಗೊಂದಲಕ್ಕೆ ಲೆಕ್ಕ ಸಿಕ್ಕಿದ್ದು ಆಗ.

ಚೀಟಿಯಲ್ಲಿ ಸಂಖ್ಯೆಯ ಪಕ್ಕದಲ್ಲಿರುವ 'ಬೇಸ್' ಎಂಬ ಪದವನ್ನು ಮರೆಯದೆ ನೋಡಿ. ದಪ್ಪ ಅಂಚು ಯಾವ ಕಡೆಗಿರಬೇಕೆಂದು ಅದು ಹೇಳುತ್ತದೆ: ಮೇಲೆ, ಕೆಳಗೆ, ಮೂಗಿನ ಕಡೆ, ಕಿವಿಯ ಕಡೆ. ನನಗೆ ಬಲಕ್ಕೆ ಒಂದೂವರೆ ಕೆಳಗೆ, ಎಡಕ್ಕೆ ಒಂದೂವರೆ ಮೇಲೆ ಎಂದು ಹಂಚಿ ಬರೆದಿದ್ದರು. ಅಂಗಡಿಯವರು ಎರಡನ್ನೂ ಕೆಳಗೇ ಕೂರಿಸಿ ಕೊಟ್ಟರು. ಒಂದರ ಕೆಲಸವನ್ನು ಇನ್ನೊಂದು ಅಳಿಸಿಹಾಕಿತು. ಸಾಲುಗಳು ಎರಡಾಗಿಯೇ ಉಳಿದವು, ಮೇಲಾಗಿ ನೆಲವೇ ಎದ್ದು ಬಂದಂತಾಗಿ ಮೆಟ್ಟಿಲಿಳಿಯುವಾಗ ಕಾಲು ತಡವರಿಸಿತು. 'ಅಭ್ಯಾಸವಾಗುತ್ತದೆ ಸರ್' ಎಂಬ ಮಾತು ನಂಬಿ ಮೂರು ವಾರ ತಲೆನೋವು ಸಹಿಸಿದೆ. ಹೊಸ ಪ್ರಿಸಂಗೆ ಹೊಂದಿಕೊಳ್ಳಲು ಕೆಲವು ದಿನ ಬೇಕಾಗುತ್ತದೆ, ನಿಜ. ಆದರೆ ಚಿತ್ರ ಒಂದಾಗದಿದ್ದರೆ ತಪ್ಪು ಅಭ್ಯಾಸದ್ದಲ್ಲ.

ಕಣ್ಣು ಸರಿಹೋಗುತ್ತದೆಯೇ ಎಂದಿರಿ. ಪ್ರಿಸಂ ಕಣ್ಣನ್ನು ತಿದ್ದುವುದಿಲ್ಲ, ಊರುಗೋಲಿನಂತೆ ಹಾಕಿರುವಷ್ಟು ಹೊತ್ತು ಕೆಲಸ. ಸಕ್ಕರೆ ಕಾಯಿಲೆಯವರಿಗೆ ಕಣ್ಣಿನ ನರ ಸೊರಗಿ ಎರಡೆರಡು ಕಾಣುವುದುಂಟು. ಅದು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನೇ ಇಳಿಯುವುದರಿಂದ ಅಂಥವರಿಗೆ ಫ್ರೆನೆಲ್ ಎಂಬ ತೆಳು ಪ್ಲಾಸ್ಟಿಕ್ ಹಾಳೆಯನ್ನು ಹಳೆಯ ಕನ್ನಡಕಕ್ಕೇ ಅಂಟಿಸಿಕೊಡುತ್ತಾರೆ. ನೋಟ ಸ್ವಲ್ಪ ಮಸುಕು, ಆದರೆ ಬೇಡವಾದಾಗ ಕಿತ್ತುಹಾಕಬಹುದು. ಒಂದು ಕಣ್ಣು ಮುಚ್ಚಿದರೂ ಎರಡೆರಡು ಕಾಣುತ್ತಿದ್ದರೆ ಪ್ರಿಸಂನಿಂದ ಪ್ರಯೋಜನವಿಲ್ಲ, ಪೊರೆಯೋ ಇನ್ನೇನೋ ಇರುತ್ತದೆ. ಇದ್ದಕ್ಕಿದ್ದಂತೆ ಎರಡಾಗಿ, ಜೊತೆಗೆ ರೆಪ್ಪೆ ಜೋತುಬಿದ್ದರೆ ಅಥವಾ ವಿಪರೀತ ತಲೆನೋವಿದ್ದರೆ ಕನ್ನಡಕದ ಅಂಗಡಿಗಲ್ಲ, ಆಸ್ಪತ್ರೆಗೆ ಓಡಿ.

ಕನ್ನಡಕ ಕೈಗೆ ಬಂದಾಗ ಅಲ್ಲೇ ಅವರ ಯಂತ್ರದಲ್ಲಿ ಇಟ್ಟು, ಚೀಟಿಯೊಂದಿಗೆ ತಾಳೆ ನೋಡಿ ತೋರಿಸಲು ಹೇಳಿ. ನನ್ನ ಪವರ್ ಕಡಿಮೆ ಇರುವುದರಿಂದ ಮನೆಯಲ್ಲೂ ಒಂದು ಉಪಾಯ ನಡೆಯುತ್ತದೆ: ಕನ್ನಡಕವನ್ನು ಕೈಯಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ, ಗಾಜಿನ ನಡುವಿನಿಂದ ಎದುರಿನ ಕಿಟಕಿಯ ಅಡ್ಡಪಟ್ಟಿ ನೋಡುತ್ತೇನೆ. ಬಲಗಾಜಿನೊಳಗೆ ಪಟ್ಟಿ ತುಂಡಾಗಿ ಮೇಲಕ್ಕೆ ಸರಿಯಬೇಕು, ಎಡಗಾಜಿನಲ್ಲಿ ಕೆಳಕ್ಕೆ. ಆ ಮೊದಲ ಕನ್ನಡಕದಲ್ಲಿ ಎರಡರಲ್ಲೂ ಮೇಲಕ್ಕೇ ಸರಿದಿತ್ತು.