ಸೊಂಟದಿಂದ ಕಾಲಿಗಿಳಿಯುವ ಸೆಳೆತ: ಹಾಸನದ ಫಿಸಿಯೋಥೆರಪಿಸ್ಟ್ ಉತ್ತರ

ಜನವರಿ, ಫೆಬ್ರವರಿ ಬಂತೆಂದರೆ ನಮ್ಮ ಕಡೆ ಸೊಂಟದ ಪತ್ರಗಳು ಜಾಸ್ತಿ. ಕಾಫಿ ಕೊಯ್ಲು, ಮೂಟೆ ಹೊರುವ ಕಾಲ ಅಲ್ವಾ. ಈ ಸಲ ನಾಲ್ಕು ಪತ್ರ ಆರಿಸಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ. ಉಳಿದ ಹತ್ತಾರು ಜನ ಕೇಳಿದ್ದೂ ಅದರಲ್ಲೇ ಇದೆ.

ಪ್ರಶ್ನೆ: ನನಗೆ 44 ವರ್ಷ. ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. ಮೂರು ವಾರದ ಹಿಂದೆ ರೊಬಸ್ಟಾ ಮೂಟೆಯನ್ನು ಜೀಪಿಗೆ ಎತ್ತಿಹಾಕುವಾಗ ಸೊಂಟದಲ್ಲಿ ಚಳಕ್ ಅಂತು. ಎರಡು ದಿನದಲ್ಲಿ ನೋವು ಬಲ ಪಿರ್ರೆಯಿಂದ ತೊಡೆಯ ಹಿಂಭಾಗಕ್ಕೆ, ಅಲ್ಲಿಂದ ಮೀನಖಂಡ ದಾಟಿ ಕಿರುಬೆರಳಿಗೆ ಇಳಿಯಿತು. ಕೆಮ್ಮಿದರೆ ಕರೆಂಟು ಹೊಡೆದ ಹಾಗಾಗುತ್ತದೆ. ಸ್ಕ್ಯಾನಿನಲ್ಲಿ ಎಲ್5-ಎಸ್1 ಡಿಸ್ಕ್, ಅಂದರೆ ಸೊಂಟದ ಕೊನೆಯ ಮೂಳೆಯ ಕೆಳಗಿರುವ ಮೆತ್ತೆ, ಉಬ್ಬಿದೆ ಎಂದು ಬಂದಿದೆ. ಡಾಕ್ಟರು ಫಿಸಿಯೋಥೆರಪಿ ಮಾಡಿಸಿ ಅಂದರು. ಅಮ್ಮ, ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೋ ಅನ್ನುತ್ತಾರೆ. ಪಕ್ಕದ ತೋಟದವರು ಆರು ವಾರ ಅಲ್ಲಾಡದೆ ಮಲಗು ಅನ್ನುತ್ತಾರೆ. ಆಪರೇಷನ್ ಆದರೆ ಮೂಲೆ ಸೇರಬೇಕಾಗುತ್ತದೆ ಅಂತ ಇನ್ನೊಬ್ಬರು. ಯಾರ ಮಾತು ಕೇಳಲಿ?

ಉತ್ತರ: ಎಲ್ಲಕ್ಕಿಂತ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿಕೊಳ್ಳಿ. ಗೋಡೆ ಹಿಡಿದು ಬಲಗಾಲೊಂದರ ಮೇಲೆ ನಿಂತು ಹಿಮ್ಮಡಿ ಎತ್ತಿ, ಹತ್ತು ಸಲ. ಎಡಗಾಲಿನಲ್ಲೂ ಅಷ್ಟೇ ಮಾಡಿ. ಆಮೇಲೆ ಬೆರಳುಗಳನ್ನು ಮೇಲೆತ್ತಿ ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ ನಡೆಯಿರಿ. ಎರಡೂ ಕಾಲು ಸಮನಾಗಿದ್ದರೆ ನರ ಕೆರಳಿದೆ, ಆದರೆ ಕೆಲಸ ನಿಲ್ಲಿಸಿಲ್ಲ. ಬಲಗಾಲು ಮೂರನೇ ಸಲಕ್ಕೇ ಸೋತರೆ, ನಡೆಯುವಾಗ ಪಾದ ಪಟ್ ಅಂತ ನೆಲಕ್ಕೆ ಬಡಿದರೆ, ಹವಾಯಿ ಚಪ್ಪಲಿ ಗೊತ್ತೇ ಆಗದೆ ಕಳಚಿ ಹೋಗುತ್ತಿದ್ದರೆ ಮುಂದೆ ಓದುವುದನ್ನು ಬಿಟ್ಟು ಡಾಕ್ಟರ ಹತ್ತಿರ ವಾಪಸ್ ಹೋಗಿ. ನೋವಿಗಿಂತ ಬಲ ಕಡಿಮೆಯಾಗುವುದಕ್ಕೆ ನಾವು ಜಾಸ್ತಿ ಹೆದರುತ್ತೇವೆ.

ಬಲ ಸಮ ಇದೆ ಅಂತಿಟ್ಟುಕೊಳ್ಳೋಣ. ಸಯಾಟಿಕ್ ನರ ದೇಹದಲ್ಲೇ ಅತಿ ದಪ್ಪದ ನರ. ಸುಮಾರು ಹೆಬ್ಬೆರಳಿನಷ್ಟು ಅಗಲ. ಸೊಂಟದ ಕೆಳಭಾಗದಿಂದ ಹೊರಡುವ ಐದು ಬೇರುಗಳು ಸೇರಿ ಅದು ಆಗುತ್ತದೆ. ಪಿರ್ರೆಯ ಒಳಗಿಂದ ತೊಡೆಯ ಹಿಂದೆ ಇಳಿದು, ಮಂಡಿಯ ಹತ್ತಿರ ಕವಲೊಡೆದು ಪಾದ ಸೇರುತ್ತದೆ. ಬೇರಿನ ಹತ್ತಿರ ಚಿವುಟಿದರೆ ತುದಿಯಲ್ಲಿ ಉರಿ. ನಿಮ್ಮ ಕಿರುಬೆರಳಿನಲ್ಲಿ ಏನೂ ಆಗಿಲ್ಲ. ಕಿರುಬೆರಳಿನ ಕಡೆ ಹೋಗುವ ಬೇರು ಎಸ್1. ಅದು ನಿಮ್ಮ ಸ್ಕ್ಯಾನಿಗೂ ಹೊಂದುತ್ತದೆ. ನೋವು ಹೆಬ್ಬೆರಳಿನ ಕಡೆ ಹೋಗಿದ್ದರೆ ಅದರ ಮೇಲಿನ ಎಲ್5 ಬೇರಿನ ಮೇಲೆ ಅನುಮಾನ ಪಡುತ್ತಿದ್ದೆ.

"ಡಿಸ್ಕ್ ಜಾರಿದೆ" ಅನ್ನುವ ಮಾತು ನನಗೆ ಇಷ್ಟವಿಲ್ಲ. ಜಾರಲು ಅದೇನು ಸೋಪಲ್ಲ, ಮೇಲಿನ ಮೂಳೆಗೂ ಕೆಳಗಿನ ಮೂಳೆಗೂ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಒಬ್ಬಟ್ಟು ತಟ್ಟುವುದನ್ನು ನೋಡಿದ್ದೀರಲ್ಲ. ಒಂದು ಕಡೆ ಜಾಸ್ತಿ ಒತ್ತಿದರೆ ಇನ್ನೊಂದು ಕಡೆ ಕಣಕ ತೆಳುವಾಗಿ ಹೂರಣ ಇಣುಕುತ್ತದೆ. ಬಗ್ಗಿ, ತಿರುಗಿ, ಭಾರ ಎತ್ತಿದಾಗ ಡಿಸ್ಕಿಗೆ ಆಗುವುದೂ ಹೆಚ್ಚುಕಮ್ಮಿ ಇದೇ. ಒಳಗಿನ ಮೆದು ಭಾಗ ಹಿಂದಕ್ಕೆ ಸರಿದು ನರದ ಬೇರಿಗೆ ತಾಗುತ್ತದೆ. ಬರೀ ಒತ್ತಡವಲ್ಲ, ಆ ಜಾಗದಲ್ಲಿ ಉರಿಯೂತವೂ ಆಗುತ್ತದೆ. ಅದಕ್ಕೇ ಚಳಕ್ ಅಂದ ದಿನಕ್ಕಿಂತ ಎರಡು ದಿನ ಬಿಟ್ಟು ಕಾಲು ಉರಿದದ್ದು. ಸಮಾಧಾನದ ಸಂಗತಿ ಅಂದರೆ, ಹೊರಬಂದ ಹೂರಣವನ್ನು ಎಷ್ಟೋ ಸಲ ದೇಹವೇ ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಹೆಚ್ಚಿನವರಿಗೆ ಆರರಿಂದ ಹನ್ನೆರಡು ವಾರದಲ್ಲಿ ಕಾಲಿನ ನೋವು ಚೆನ್ನಾಗಿಯೇ ಇಳಿಯುತ್ತದೆ. ನೀವು ಮೂರನೇ ವಾರದಲ್ಲಿದ್ದೀರಿ.

ಸ್ಕ್ಯಾನ್ ರಿಪೋರ್ಟನ್ನು ಬೀರುವಿನಲ್ಲಿಡಿ. ಸುಮ್ನೆ ಹೇಳುತ್ತಿಲ್ಲ. ಯಾವ ಸೊಂಟ ನೋವೂ ಇಲ್ಲದ 3,110 ಜನರ ಸ್ಕ್ಯಾನುಗಳನ್ನು ಒಟ್ಟುಗೂಡಿಸಿ ನೋಡಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. 40ರ ವಯಸ್ಸಿನವರಲ್ಲಿ ಅರ್ಧದಷ್ಟು ಜನರಿಗೆ ಡಿಸ್ಕ್ ಉಬ್ಬಿತ್ತು. ಅವರೆಲ್ಲ ಆರಾಮಾಗಿ ಓಡಾಡಿಕೊಂಡಿದ್ದವರು.

ಈಗ ಮುಖ್ಯ ವಿಷಯ. ಇಷ್ಟು ದಿನ ನೀವು ನೋವು ಎಷ್ಟಿದೆ ಅಂತ ಲೆಕ್ಕ ಹಾಕಿದ್ದೀರಿ. ಇವತ್ತಿನಿಂದ ಅದು ಎಲ್ಲಿಯವರೆಗೆ ಇಳಿದಿದೆ ಅಂತ ನೋಡಿ. ಕಿರುಬೆರಳಿನಲ್ಲಿದ್ದದ್ದು ಮೀನಖಂಡಕ್ಕೆ, ಅಲ್ಲಿಂದ ತೊಡೆಗೆ, ತೊಡೆಯಿಂದ ಸೊಂಟಕ್ಕೆ ಹತ್ತುತ್ತಿದ್ದರೆ ನೀವು ಸರಿ ದಾರಿಯಲ್ಲಿದ್ದೀರಿ. ಸೊಂಟದ ನೋವು ಆಗ ಸ್ವಲ್ಪ ಜಾಸ್ತಿಯೇ ಆಗಬಹುದು, ಹೆದರಬೇಡಿ. ಸೊಂಟ ಹಗುರವಾಗಿ ಕಾಲಿನ ಕೆಳಗೆ ಜೋಮು ಹೆಚ್ಚಿದರೆ ಅದು ತಪ್ಪು ದಾರಿ.

ಇದು ಸಿಕ್ಕಿದ್ದೇ ಆಕಸ್ಮಿಕವಾಗಿ. 1956ರಲ್ಲಿ ನ್ಯೂಜಿಲೆಂಡಿನ ವೆಲ್ಲಿಂಗ್ಟನ್‌ನಲ್ಲಿ ರಾಬಿನ್ ಮೆಕೆಂಜಿ ಎಂಬ ಫಿಸಿಯೋಥೆರಪಿಸ್ಟ್ ಇದ್ದರು. ವಾರಗಟ್ಟಲೆ ಗುಣ ಕಾಣದ ಒಬ್ಬ ರೋಗಿಗೆ, ಒಳಗೆ ಹೋಗಿ ಬೋರಲು ಮಲಗಿರಿ ಅಂದರು. ಆ ಟೇಬಲಿನ ಒಂದು ತುದಿ ಎತ್ತರಿಸಿಟ್ಟಿತ್ತು. ರೋಗಿ ಹಾಗೇ ಬೆನ್ನು ಹಿಂದಕ್ಕೆ ಬಾಗಿದಂತೆ ಮಲಗಿಬಿಟ್ಟ. ಮೆಕೆಂಜಿ ಬಂದು ನೋಡಿ ಗಾಬರಿಯಾದರೆ, ಕಾಲು ನೋವು ಹೋಗಿದೆ ಅಂದನಂತೆ ರೋಗಿ. ನಾವು ಇವತ್ತೂ ಮೊದಲು ಪರೀಕ್ಷಿಸುವುದು ಅದನ್ನೇ.

ಮನೆಯಲ್ಲಿ ಹೀಗೆ ಮಾಡಿ. ನೆಲಕ್ಕೆ ಚಾಪೆ ಹಾಸಿ ಹೊಟ್ಟೆಯ ಮೇಲೆ ಮಲಗಿ, ಎರಡು ಮೂರು ನಿಮಿಷ. ಅದೇ ಕಷ್ಟವಾದರೆ ಹೊಟ್ಟೆಯ ಕೆಳಗೆ ತೆಳು ದಿಂಬಿಡಿ. ಆಮೇಲೆ ಮೊಣಕೈ ಊರಿ ಎದೆ ಎತ್ತಿ, ಮತ್ತೆ ಎರಡು ನಿಮಿಷ. ಕಾಲಿನ ನೋವು ಕೆಳಗೆ ಇಳಿಯದಿದ್ದರೆ ಅಂಗೈ ಊರಿ ಎದೆಯನ್ನು ಇನ್ನೂ ಮೇಲೆತ್ತಿ. ಸೊಂಟ ಮಾತ್ರ ಚಾಪೆ ಬಿಡಬಾರದು. ಎತ್ತುವುದು, ಇಳಿಸುವುದು, ಹತ್ತು ಸಲ. ಎರಡು ಮೂರು ಗಂಟೆಗೊಮ್ಮೆ ಮಾಡಿ. ದಿನಕ್ಕೊಂದೇ ಸಲ ಅರ್ಧ ಗಂಟೆ ಮಾಡಿದರೆ ಉಪಯೋಗ ಕಡಿಮೆ. ಮೂರು ದಿನವಾದರೂ ನೋವು ಮೇಲಕ್ಕೆ ಹತ್ತದಿದ್ದರೆ, ಅಥವಾ ಇನ್ನೂ ಕೆಳಗಿಳಿದರೆ ನಿಲ್ಲಿಸಿ. ಈ ದಿಕ್ಕು ಎಲ್ಲರಿಗೂ ಆಗಿಬರುವುದಿಲ್ಲ. ಕೆಲವರಿಗೆ ಸೊಂಟವನ್ನು ಪಕ್ಕಕ್ಕೆ ಸರಿಸಬೇಕಾಗುತ್ತದೆ. ಅದನ್ನು ಎದುರಿಗೆ ನೋಡಿದವರೇ ಹೇಳಬೇಕು.

ಇನ್ನೊಂದು, ನರ ಜಾರಿಸುವ ವ್ಯಾಯಾಮ. ಸೈಕಲ್ಲಿನ ಬ್ರೇಕ್ ವೈರು ಕೊಳವೆಯೊಳಗೆ ಜಾರುತ್ತದಲ್ಲ, ನರವೂ ಹಾಗೇ ಜಾರಬೇಕು. ಕುರ್ಚಿಯ ಮೇಲೆ ಕೂತು ಬಲ ಮಂಡಿಯನ್ನು ನಿಧಾನವಾಗಿ ನೀಡುತ್ತಾ ತಲೆ ಮೇಲೆತ್ತಿ ಸೂರು ನೋಡಿ. ಕಾಲು ಮಡಿಸುತ್ತಾ ಗದ್ದ ತಗ್ಗಿಸಿ. ಹತ್ತು ಹದಿನೈದು ಸಲ, ನೋವು ಶುರುವಾಗುವ ಮೊದಲೇ ವಾಪಸ್ ಬರಬೇಕು. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಬಿಗಿಯಾಗಿದೆ ಅಂತ ಕಾಲಿಗೆ ಟವೆಲ್ ಕಟ್ಟಿ ಜಗ್ಗುತ್ತಾರೆ. ಕೆರಳಿದ ನರವನ್ನು ಎಳೆದರೆ ರಾತ್ರಿಯೆಲ್ಲ ನಿದ್ದೆ ಇರುವುದಿಲ್ಲ.

ಆರು ವಾರ ಮಲಗುವ ಸಲಹೆ ಹಳೆಯದು. ಹಾಸಿಗೆ ಹಿಡಿದು ಮಲಗಿದವರಿಗೂ ಆದಷ್ಟು ಓಡಾಡಿಕೊಂಡಿದ್ದವರಿಗೂ ಎರಡು ವಾರದ ನಂತರ ಏನೂ ವ್ಯತ್ಯಾಸವಿರಲಿಲ್ಲ ಎಂದು ನೆದರ್ಲೆಂಡಿನ ವೈದ್ಯರು 1999ರಲ್ಲೇ ತೋರಿಸಿದರು. ಮಲಗಿದರೆ ಸ್ನಾಯು ಸೊರಗುತ್ತದೆ, ತೋಟದ ಚಿಂತೆ ಬೇರೆ. ಸಮತಟ್ಟಾದ ಜಾಗದಲ್ಲಿ ಹತ್ತು ನಿಮಿಷದಂತೆ ದಿನಕ್ಕೆ ಮೂರು ನಾಲ್ಕು ಸಲ ನಡೆಯಿರಿ. ಕಣದಲ್ಲಿ ನಿಂತು ಕಾಫಿ ಹರಡುವುದು ಪರವಾಗಿಲ್ಲ. ಗಿಡದ ಬುಡದಲ್ಲಿ ಉದುರಿದ ಹಣ್ಣು ಬಗ್ಗಿ ಆಯುವುದು ಸದ್ಯಕ್ಕೆ ಬೇಡ. ಜೀಪಿನಲ್ಲಿ ತೋಟದ ರಸ್ತೆಯ ಕುಲುಕಾಟವೂ ಬೇಡ.

ಬೆಳಗಿನ ಮೊದಲ ಒಂದು ಗಂಟೆ ಜೋಪಾನ. ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿಕೊಂಡು ಉಬ್ಬುತ್ತವೆ. ಬೆಳಿಗ್ಗೆ ನಾವು ಒಂದೆರಡು ಸೆಂಟಿಮೀಟರ್ ಹೆಚ್ಚು ಉದ್ದವಿರುತ್ತೇವೆ. ಆಗ ಬಗ್ಗಿದರೆ ಡಿಸ್ಕಿಗೆ ಒತ್ತಡ ಜಾಸ್ತಿ. ಎದ್ದ ತಕ್ಷಣ ಕೊಟ್ಟಿಗೆ ಬಾಚುವುದು, ಅಂಗಳ ಗುಡಿಸುವುದು, ಹಂಡೆಗೆ ಸೌದೆ ಹಾಕಲು ಬಗ್ಗುವುದು, ಎಲ್ಲ ಸ್ವಲ್ಪ ತಡವಾಗಲಿ. ಸೀನು ಬಂದರೆ ಒಂದು ಕೈ ಗೋಡೆಗೆ ಕೊಟ್ಟು ಬೆನ್ನು ನೇರ ಮಾಡಿ ಸೀನಿ. ಕರೆಂಟು ಹೊಡೆಯುವುದು ಕಡಿಮೆಯಾಗುತ್ತದೆ.

ಅಮ್ಮನಿಗೆ ಹೇಳಿ, ಒದೆಸಿಕೊಳ್ಳುವುದು ಬೇಡ. ಸೊಂಟ ಹಿಡಿದದ್ದು ಎಷ್ಟೋ ಸಲ ನಾಲ್ಕು ದಿನಕ್ಕೆ ತಾನಾಗಿ ಬಿಡುತ್ತದೆ. ಆ ನಾಲ್ಕು ದಿನದೊಳಗೆ ಒದ್ದವರಿಗೆ ಹೆಸರು ಬರುತ್ತದೆ ಅಷ್ಟೇ. ನಿಮ್ಮದು ನರ ಕೆರಳಿರುವ ಸೊಂಟ. ಅಮ್ಮನಿಗೆ ಬೇಜಾರಾಗಬಾರದು ಅಂತಿದ್ದರೆ ಉಪ್ಪಿನ ಗಂಟು ಕಾಯಿಸಿ ಶಾಖ ಕೊಡಲಿ. ಹಿತವಾಗಿರುತ್ತದೆ, ಅಪಾಯವಿಲ್ಲ.

ನಮ್ಮವರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಹತ್ತು ದಿನ ಬರೀ ಕರೆಂಟು ಇಟ್ಟು, ಸೊಂಟ ಎಳೆಯುವ ಯಂತ್ರಕ್ಕೆ ಕಟ್ಟಿ ಕಳಿಸುವುದು ಫಿಸಿಯೋಥೆರಪಿ ಅಲ್ಲ. ಕರೆಂಟು ಆ ಹೊತ್ತಿಗೆ ನೋವು ಮರೆಸಬಹುದು. ಕಾಲು ಎತ್ತಿ ನೋಡದೆ, ಬಲ ಪರೀಕ್ಷಿಸದೆ, ಮನೆಗೆ ವ್ಯಾಯಾಮ ಹೇಳಿಕೊಡದೆ ಇದ್ದರೆ ಬೇರೆ ಕಡೆ ಹೋಗಿ.

ಆಪರೇಷನ್ ಶತ್ರುವಲ್ಲ. 2007ರಲ್ಲಿ ಪ್ರಕಟವಾದ ನೆದರ್ಲೆಂಡಿನ ಇನ್ನೊಂದು ಅಧ್ಯಯನದಲ್ಲಿ ತೀವ್ರ ಸಯಾಟಿಕಾ (ಈ ಸಯಾಟಿಕ್ ನರ ಕೆರಳಿ ಕಾಲಿಗಿಳಿಯುವ ನೋವು) ಇದ್ದ 283 ಜನರಿದ್ದರು. ಬೇಗ ಆಪರೇಷನ್ ಮಾಡಿಸಿಕೊಂಡ ಗುಂಪಿಗೆ ಕಾಲಿನ ನೋವು ಬೇಗ ಇಳಿಯಿತು. ಕಾದು ನೋಡಿದ ಗುಂಪಿನಲ್ಲೂ ಕೆಲವರಿಗೆ ಕೊನೆಗೆ ಆಪರೇಷನ್ ಬೇಕಾಯಿತು. ಒಂದು ವರ್ಷಕ್ಕೆ ಎರಡೂ ಗುಂಪಿನಲ್ಲಿ ಸುಮಾರು ಶೇಕಡಾ 95ರಷ್ಟು ಜನ ಚೇತರಿಸಿಕೊಂಡಿದ್ದರು. ಆರೆಂಟು ವಾರ ಸರಿಯಾಗಿ ಪ್ರಯತ್ನಿಸಿಯೂ ನಿದ್ದೆಗೆಡಿಸುವ ನೋವಿದ್ದರೆ ಸರ್ಜನ್ ಹತ್ತಿರ ಮಾತಾಡಿ. ಮೂಲೆ ಸೇರುವ ಭಯ ಬೇಡ.

ಮೂಟೆಯ ವಿಚಾರ. ಕಾಲಿನ ನೋವು ಪೂರ್ತಿ ಹೋದ ಮೇಲೆ ಐದು ಕಿಲೋದಿಂದ ಶುರು ಮಾಡಿ. ಈ ವರ್ಷದ ಮೂಟೆಗಳನ್ನು ಬೇರೆಯವರು ಎತ್ತಲಿ.

ಪ್ರಶ್ನೆ: ಚಿಕ್ಕಮಗಳೂರಿನಿಂದ ಒಬ್ಬ ಮಗಳು ಬರೆದದ್ದು. ಅಪ್ಪನಿಗೆ ತಿಂಗಳಿಂದ ಸಯಾಟಿಕಾ. ನಿನ್ನೆಯಿಂದ ಎರಡೂ ಕಾಲು ಸೋತಿವೆ, ಕೂತ ಜಾಗ ಮರಗಟ್ಟಿದೆ, ಮೂತ್ರ ಕಟ್ಟಿಕೊಂಡಿದೆ. ಯಾವ ವ್ಯಾಯಾಮ ಮಾಡಿಸಲಿ?

ಉತ್ತರ: ಇದನ್ನು ಓದಿದ ಕೂಡಲೇ ಫೋನ್ ಮಾಡಿದೆ. ಅವರನ್ನು ಅವತ್ತೇ ಆಸ್ಪತ್ರೆಗೆ ಸೇರಿಸಿದರು. ಬೇರೆಯವರಿಗಾಗಿ ಇಲ್ಲಿ ಹಾಕಿದ್ದೇನೆ. ಬೆನ್ನುಮೂಳೆಯ ಕೆಳಗಿನ ನರಗಳ ಗೊಂಚಲೇ ಒತ್ತಿಹೋದಾಗ ಹೀಗಾಗುತ್ತದೆ. ಇದಕ್ಕೆ ವ್ಯಾಯಾಮವಿಲ್ಲ. ಮೂತ್ರ ಕಟ್ಟಿದರೆ, ಮಲ ಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದು ಮರಗಟ್ಟಿದರೆ ಗಂಟೆಗಳ ಲೆಕ್ಕದಲ್ಲಿ ದೊಡ್ಡಾಸ್ಪತ್ರೆಗೆ ಹೋಗಬೇಕು. ಬೆಳಗಾಗಲಿ ಅಂತ ಕಾಯಬಾರದು. ಸೊಂಟ ನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದದ್ದು, ಬಿದ್ದು ಪೆಟ್ಟಾದದ್ದು ಇದ್ದರೂ ಮೊದಲು ಡಾಕ್ಟರು, ಆಮೇಲೆ ನಾವು.

ಪ್ರಶ್ನೆ: ಹಾಸನದವಳು, 66 ವರ್ಷ, ಸಕ್ಕರೆ ಕಾಯಿಲೆಯಿದೆ. ಕಟ್ಟಿನಕೆರೆ ಮಾರುಕಟ್ಟೆಗೆ ತರಕಾರಿಗೆ ಹೋದರೆ ಎರಡು ಕಾಲೂ ಭಾರವಾಗಿ ಸೆಳೆಯುತ್ತವೆ. ಎಲ್ಲಾದರೂ ಕೂತರೆ ಐದು ನಿಮಿಷಕ್ಕೆ ಸರಿಹೋಗುತ್ತದೆ. ಮೊಮ್ಮಗನ ಜೊತೆ ಶ್ರವಣಬೆಳಗೊಳದ ಬೆಟ್ಟ ಹತ್ತುವ ಆಸೆ. ಹತ್ತಬಹುದಾ?

ಉತ್ತರ: ಅಮ್ಮಾ, ಮೇಲಿನ ಉತ್ತರದ ವ್ಯಾಯಾಮ ನೀವು ಮಾಡಬೇಡಿ. ನಿಮ್ಮದು ಅದರ ತಿರುಗಾಮುರುಗಾ. ವಯಸ್ಸಾದಂತೆ ಬೆನ್ನುಮೂಳೆಯೊಳಗೆ ನರ ಹೋಗುವ ದಾರಿ ಕಿರಿದಾಗುತ್ತದೆ. ನೆಟ್ಟಗೆ ನಿಂತರೆ, ನಡೆದರೆ ಇನ್ನೂ ಕಿರಿದಾಗುತ್ತದೆ. ಕೂತರೆ, ಮುಂದಕ್ಕೆ ಬಾಗಿದರೆ ಬಿಡುವಾಗುತ್ತದೆ. ತಳ್ಳುಗಾಡಿ ಹಿಡಿದು ಬಾಗಿ ನಡೆದರೆ ದೂರ ಹೋಗಲು ಆಗುತ್ತದಾ ಅಂತ ನೋಡಿ. ಹಾಗೆ ಹೋಗಲು ಆದರೆ ನನ್ನ ಅನುಮಾನವೇ ಸರಿ.

ಸಕ್ಕರೆ ಇರುವುದರಿಂದ ಒಂದು ಪರೀಕ್ಷೆ ಬೇಕೇ ಬೇಕು. ಕಾಲಿಗೆ ರಕ್ತ ಸರಿಯಾಗಿ ಹೋಗದಿದ್ದರೂ ಹೀಗೇ ಸೆಳೆಯುತ್ತದೆ. ಆ ನೋವು ಸುಮ್ಮನೆ ನಿಂತರೂ ಇಳಿಯುತ್ತದೆ. ನರದ್ದಾದರೆ ಕೂರಬೇಕು ಇಲ್ಲವೇ ಬಾಗಬೇಕು. ಡಾಕ್ಟರು ಪಾದದ ನಾಡಿ ಮುಟ್ಟಿ ನೋಡಲಿ.

ವ್ಯಾಯಾಮ ಸುಲಭ. ಅಂಗಾತ ಮಲಗಿ ಮಂಡಿಗಳನ್ನು ಒಂದೊಂದಾಗಿ ಎದೆಗೆ ತಂದುಕೊಳ್ಳಿ. ಮನೆಯೊಳಗೆ ತುಳಿಯುವ ಸೈಕಲ್ ಇದ್ದರೆ ಒಳ್ಳೆಯದು. ನಡಿಗೆಯನ್ನು ತುಂಡು ಮಾಡಿ. ಕಾಲು ಸೋಲುವ ಮೊದಲೇ ಕೂತು, ಮತ್ತೆ ನಡೆಯಿರಿ.

ವಿಂಧ್ಯಗಿರಿಗೆ ಆರು ನೂರಕ್ಕೂ ಹೆಚ್ಚು ಮೆಟ್ಟಿಲು. ಹತ್ತುವಾಗ ಮೈ ಮುಂದಕ್ಕೆ ಬಾಗುತ್ತದೆ, ಕೂರಲು ಎಲ್ಲೆಲ್ಲೂ ಕಲ್ಲಿದೆ. ಅದು ನಡೆಯುತ್ತದೆ. ಕಷ್ಟ ಇರುವುದು ಇಳಿಯುವಾಗ, ಆಗ ಬೆನ್ನು ಹಿಂದಕ್ಕೆ ವಾಲುತ್ತದೆ. ನನಗೆ ಚಿಂತೆ ಸೊಂಟಕ್ಕಿಂತ ನಿಮ್ಮ ಪಾದದ್ದು. ಅಲ್ಲಿ ಚಪ್ಪಲಿ ಬಿಟ್ಟು ಹತ್ತಬೇಕು. ಸಕ್ಕರೆಯಿಂದ ಪಾದ ಜೋಮು ಹಿಡಿದಿದ್ದರೆ ಕಾದ ಬಂಡೆ ಸುಟ್ಟದ್ದೂ ಗೊತ್ತಾಗುವುದಿಲ್ಲ. ಬೆಳಿಗ್ಗೆ ಬೇಗ ಹೋಗಿ, ದಪ್ಪ ಸಾಕ್ಸ್ ಹಾಕಿಕೊಳ್ಳಿ. ಇಳಿಯಲು ಡೋಲಿ ಹಿಡಿಯಿರಿ, ನಾಚಿಕೆ ಬೇಡ. ಇದೆಲ್ಲವೂ, ಡಾಕ್ಟರು ಪಾದ ನೋಡಿದ ಮೇಲೆ.

ಪ್ರಶ್ನೆ: ಶಿರಾಡಿ ಘಾಟಿನಲ್ಲಿ ಗಾಡಿ ಓಡಿಸುತ್ತೇನೆ. ಸೊಂಟ ನೋವಿಲ್ಲ. ಎಡ ಪಿರ್ರೆಯೊಳಗೆ ಮಾತ್ರ ಚುಚ್ಚಿ ತೊಡೆಗೆ ಇಳಿಯುತ್ತದೆ, ಕೂತಷ್ಟೂ ಜಾಸ್ತಿ.

ಉತ್ತರ: ಪರ್ಸು ಎಡ ಹಿಂದಿನ ಜೇಬಿನಲ್ಲಿದೆಯಾ? ಇದ್ದರೆ ಇವತ್ತೇ ತೆಗೆದು ಡ್ಯಾಶ್‌ಬೋರ್ಡಿನಲ್ಲಿಡಿ. ಪಿರ್ರೆಯ ಒಳಗೆ ಒಂದು ಸಣ್ಣ ಸ್ನಾಯುವಿದೆ, ನರ ಅದರ ಅಡಿಯಲ್ಲಿ ಹಾದುಹೋಗುತ್ತದೆ. ಗಂಟೆಗಟ್ಟಲೆ ಅದರ ಮೇಲೆ ದಪ್ಪ ಪರ್ಸು ಒತ್ತಿದರೆ ನರ ಕೆರಳುವುದುಂಟು. ಅಂಗಾತ ಮಲಗಿ ಎಡ ಪಾದವನ್ನು ಬಲ ಮಂಡಿಯ ಮೇಲಿಟ್ಟು, ಬಲ ತೊಡೆಯನ್ನು ಎದೆಯ ಕಡೆ ಎಳೆದು ಅರ್ಧ ನಿಮಿಷ ಹಿಡಿಯಿರಿ. ಮೂರು ಸಲ, ಬೆಳಿಗ್ಗೆ ಮತ್ತು ರಾತ್ರಿ. ಕಾಲಿಗೆ ಕರೆಂಟು ಹೊಡೆದಂತಾದರೆ ಬಿಡಿ. ಗಾಡಿಯಲ್ಲಿ ಗಂಟೆಗೊಮ್ಮೆ ಇಳಿದು ಎರಡು ನಿಮಿಷ ನಡೆಯಿರಿ, ಸಕಲೇಶಪುರದ ಟೀ ನಿಂತುಕೊಂಡೇ ಕುಡಿಯಿರಿ. ಮೂರು ವಾರಕ್ಕೂ ಇಳಿಯದಿದ್ದರೆ ಸೊಂಟ ಪರೀಕ್ಷಿಸಲೇಬೇಕು. ಸೊಂಟ ನೋಯದೆಯೂ ಡಿಸ್ಕ್ ಕಾಲನ್ನು ನೋಯಿಸಬಲ್ಲದು.